ಸ್ಪೈಕಾ ಕಾಸ್ಟಿನಲ್ಲಿ ಆರು ವಾರ: ಕಾಲಿನ ಆಪರೇಷನ್ ಆದ ಪುಟ್ಟ ಮಕ್ಕಳ ಆರೈಕೆ



ಈ ಸಲದ ಯುಗಾದಿ ಕಾರ್ಯಕ್ರಮದಲ್ಲಿ ನಮ್ಮ ಪುಟ್ಟಿ ಸ್ವಲ್ಪ ಕುಂಟಿಕೊಂಡು ಓಡಾಡುತ್ತಿದ್ದುದನ್ನು ನೋಡಿ ಬಹಳ ಜನ ವಿಚಾರಿಸಿದಿರಿ. ಆಮೇಲೆ ಎರಡು ಮನೆಯವರು ಫೋನ್ ಕೂಡ ಮಾಡಿದರು. ಒಬ್ಬರ ಮಗನಿಗೆ ಟ್ರ್ಯಾಂಪೊಲಿನ್ ಮೇಲೆ ಕುಣಿಯುವಾಗ ತೊಡೆಯ ಮೂಳೆ ಮುರಿದಿತ್ತು. ಇನ್ನೊಬ್ಬರ ಮಗಳಿಗೆ ನಮ್ಮ ಪುಟ್ಟಿಯದೇ ತೊಂದರೆ, ಮುಂದಿನ ತಿಂಗಳು ಆಪರೇಷನ್. ಇಬ್ಬರಿಗೂ ಒಂದೊಂದು ಗಂಟೆ ಹೇಳಿದ್ದನ್ನೇ ಇಲ್ಲಿ ಬರೆದುಬಿಡೋಣ ಅಂತ ಕೂತಿದ್ದೇನೆ. ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಬರೆಯುವವನು. ನಿಮ್ಮ ಸರ್ಜನ್ ಹೇಳುವುದಕ್ಕೂ ಇಲ್ಲಿ ಬರೆದಿರುವುದಕ್ಕೂ ವ್ಯತ್ಯಾಸ ಕಂಡರೆ ಸರ್ಜನ್ ಮಾತನ್ನೇ ಹಿಡಿಯಿರಿ.

ಮೊದಲು ತೊಂದರೆ ಏನು ಅಂತ ಹೇಳಬೇಕು. ಸೊಂಟದ ಕೀಲನ್ನು ಅರ್ಥ ಮಾಡಿಕೊಳ್ಳಲು ನಮ್ಮ ಅಜ್ಜಿಯ ಮನೆಯ ರುಬ್ಬುವ ಕಲ್ಲನ್ನು ನೆನೆಸಿಕೊಳ್ಳಿ. ತೊಡೆಮೂಳೆಯ ತಲೆ ಗುಂಡುಕಲ್ಲು, ಸೊಂಟದ ಮೂಳೆಯಲ್ಲಿರುವ ಕುಳಿ ಒರಳು. ಹುಟ್ಟಿದಾಗ ಈ ಒರಳು ಕಲ್ಲಲ್ಲ, ಮೃದ್ವಸ್ಥಿ. ಗುಂಡು ಸರಿಯಾಗಿ ಒಳಗೆ ಕೂತಿದ್ದರೆ ಅದರ ಸುತ್ತಲೇ ಕುಳಿ ಆಳವಾಗಿ ಬೆಳೆಯುತ್ತದೆ. ಗುಂಡು ಜಾರಿ ಹೊರಗಿದ್ದರೆ ಕುಳಿ ತಟ್ಟೆಯ ಹಾಗೆ ಚಪ್ಪಟೆಯಾಗುತ್ತಾ ಹೋಗುತ್ತದೆ. ಇದನ್ನು ಹಿಂದೆ ಹುಟ್ಟಿನಿಂದಲೇ ಬಂದ ದೋಷ ಅನ್ನುತ್ತಿದ್ದರು. ಹುಟ್ಟಿದಾಗ ಸರಿಯಿದ್ದ ಕೀಲು ಆಮೇಲೂ ಜಾರಬಹುದು ಅಂತ ಗೊತ್ತಾದ ಮೇಲೆ ಹೆಸರು ಬದಲಾಯಿಸಿ ಡೆವಲಪ್‌ಮೆಂಟಲ್ ಡಿಸ್‌ಪ್ಲೇಸಿಯಾ ಆಫ್ ದಿ ಹಿಪ್ ಅಂದರು, ಚಿಕ್ಕದಾಗಿ ಡಿಡಿಎಚ್. ಹೆಣ್ಣು ಮಕ್ಕಳಲ್ಲಿ ಹೆಚ್ಚು, ಚೊಚ್ಚಲು ಮಕ್ಕಳಲ್ಲಿ ಹೆಚ್ಚು, ಹೊಟ್ಟೆಯಲ್ಲಿ ತಲೆ ಮೇಲಾಗಿ ಕೂತಿದ್ದ ಮಕ್ಕಳಲ್ಲಿ ಇನ್ನೂ ಹೆಚ್ಚು. ನಮ್ಮ ಪುಟ್ಟಿ ಮೂರಕ್ಕೂ ಹಾಜರಿ ಹಾಕಿದವಳು.

ಆರು ತಿಂಗಳೊಳಗೆ ಸಿಕ್ಕಿದರೆ ಪಾವ್ಲಿಕ್ ಹಾರ್ನೆಸ್ ಅಂತ ಬಟ್ಟೆಯ ಪಟ್ಟಿಗಳ ಒಂದು ಕವಚದಲ್ಲೇ ಬಹುಪಾಲು ಸರಿಹೋಗುತ್ತದೆ. ನಡೆಯುವ ವಯಸ್ಸಿಗೆ ಬಂದ ಮೇಲೆ ಸಿಕ್ಕಿದರೆ ಆಪರೇಷನ್ ಬೇಕಾಗುತ್ತದೆ. ಎರಡೂವರೆ ವರ್ಷದ ಪುಟ್ಟಿಗೆ ಆದದ್ದು ಇದೇ. ಕೀಲನ್ನು ತೆರೆದು ಗುಂಡನ್ನು ಒಳಗೆ ಕೂರಿಸಿ, ಸೊಂಟದ ಮೂಳೆಯನ್ನು ಕೊಯ್ದು, ಅಲ್ಲಿಂದಲೇ ತೆಗೆದ ಚೂರೊಂದನ್ನು ಬೆಣೆಯ ಹಾಗೆ ಸಿಕ್ಕಿಸಿ ಒರಳನ್ನು ಗುಂಡಿನ ಮೇಲೆ ಬಾಗಿಸಿದರು. ಟೊರಾಂಟೊದ ಮಕ್ಕಳ ಆಸ್ಪತ್ರೆಯ ಡಾ. ರಾಬರ್ಟ್ ಸಾಲ್ಟರ್ 1961ರಲ್ಲಿ ಪ್ರಕಟಿಸಿದ ವಿಧಾನ ಇದು. ಆಮೇಲೆ ಎದೆಯ ಕೆಳಗಿನಿಂದ ಕಾಲಿನ ತನಕ ಪ್ಲಾಸ್ಟರ್. ಅದೇ ಸ್ಪೈಕಾ ಕಾಸ್ಟ್. ಲ್ಯಾಟಿನ್‌ನಲ್ಲಿ ಸ್ಪೈಕಾ ಅಂದರೆ ತೆನೆ. ಬ್ಯಾಂಡೇಜನ್ನು ಒಂದರ ಮೇಲೊಂದು ಅಡ್ಡಡ್ಡ ಸುತ್ತಿದಾಗ ಗೋಧಿ ತೆನೆಯ ಹಾಗೆ ಕಾಣುವುದರಿಂದ ಆ ಹೆಸರು. ಐದಾರು ವರ್ಷದೊಳಗಿನ ಮಕ್ಕಳ ತೊಡೆಮೂಳೆ ಮುರಿದರೂ ಸಾಮಾನ್ಯವಾಗಿ ಇದನ್ನೇ ಹಾಕುತ್ತಾರೆ. ಆದ್ದರಿಂದ ಮುಂದಿನದು ಎರಡೂ ಮನೆಯವರಿಗೆ ಅನ್ವಯಿಸುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸುದ್ದಿ ಕೇಳಿದ ದಿನ ನಮ್ಮಮ್ಮ ಮೈಸೂರಿನಿಂದ ಫೋನ್ ಮಾಡಿ, "ನಾನು ಎಣ್ಣೆ ಹಚ್ಚಿ ಕಾಲು ನೀವಿದ್ದಕ್ಕೇ ಹೀಗಾಯ್ತೇನೋ" ಅಂತ ಅತ್ತರು. ಡಾಕ್ಟರನ್ನು ನೇರವಾಗಿ ಕೇಳಿದೆ. ಇಲ್ಲ, ಅದರಿಂದ ಅಲ್ಲ ಅಂದರು. ಅವರು ಹೇಳಿದ ಅಪಾಯ ಬೇರೆಯದು: ಎಳೆ ಕೂಸಿನ ಎರಡೂ ಕಾಲು ನೆಟ್ಟಗೆ ಮಾಡಿ ಸೊಂಟದಿಂದ ಕೆಳಕ್ಕೆ ಬಿಗಿಯಾಗಿ ಬಟ್ಟೆ ಸುತ್ತುವುದು. ಜಪಾನಿನಲ್ಲಿ 1970ರ ದಶಕದಲ್ಲಿ ಆ ಅಭ್ಯಾಸ ಬಿಡಿಸಿದ ಮೇಲೆ ಈ ತೊಂದರೆ ಬಹಳ ಇಳಿಯಿತು. ನಮ್ಮವರು ಮಗುವನ್ನು ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುತ್ತಾರಲ್ಲ, ಕೀಲಿಗೆ ಅದು ಬಹಳ ಒಳ್ಳೆಯದು. ಇದನ್ನು ಅಮ್ಮನಿಗೆ ಮೂರು ಸಲ ಹೇಳಿದೆ. ಮೂರನೆಯ ಸಲ ನಂಬಿದರು. ನಿಮ್ಮ ಮನೆಯಲ್ಲೂ ಒಬ್ಬ ಅಜ್ಜಿ ಹೀಗೆ ಒಳಗೊಳಗೇ ಕೊರಗುತ್ತಿರಬಹುದು, ಕೇಳಿ ನೋಡಿ.

ಆಪರೇಷನ್‌ಗೆ ಮೊದಲು

ಮಗುವಿಗೆ ಸುಳ್ಳು ಹೇಳಬೇಡಿ. "ನೋವೇ ಆಗಲ್ಲ" ಅಂತ ಹೇಳಿ ಕರೆದುಕೊಂಡು ಹೋದರೆ ಎದ್ದ ಮೇಲೆ ನಿಮ್ಮ ಯಾವ ಮಾತನ್ನೂ ಅದು ನಂಬುವುದಿಲ್ಲ, ಮುಂದೆ ಆರು ವಾರ ನಂಬಿಕೆ ಬೇಕೇ ಬೇಕು. ಎರಡು ಮೂರು ವರ್ಷದ ಮಗುವಿಗೆ ಒಂದೆರಡು ದಿನ ಮುಂಚೆ ಹೇಳಿದರೆ ಸಾಕು, ಅದಕ್ಕಿಂತ ಮುಂಚೆ ಹೇಳಿದರೆ ಬರೀ ಹೆದರಿಕೆ. ಐದಾರು ವರ್ಷದವರಿಗೆ ಒಂದು ವಾರ ಬೇಕು, ಪ್ರಶ್ನೆ ಕೇಳಲು ಸಮಯ ಸಿಗಬೇಕು. ಇಲ್ಲಿಯ ಮಕ್ಕಳ ಆಸ್ಪತ್ರೆಗಳಲ್ಲಿ ಚೈಲ್ಡ್ ಲೈಫ್ ಸ್ಪೆಷಲಿಸ್ಟ್ ಅಂತ ಇರುತ್ತಾರೆ. ಗೊಂಬೆಗೆ ಪ್ಲಾಸ್ಟರ್ ಹಾಕಿ ತೋರಿಸುವುದು, ಮಾಸ್ಕ್ ಕೈಗೆ ಕೊಟ್ಟು ಆಡಿಸುವುದು ಅವರ ಕೆಲಸ. ತಾವಾಗಿ ಬರದಿದ್ದರೆ ಕೇಳಿ ಕರೆಸಿಕೊಳ್ಳಿ.

ಉಪವಾಸದ ವಿಷಯ ನಮ್ಮ ಮನೆಗಳಲ್ಲಿ ಸೂಕ್ಷ್ಮ. ಸಾಮಾನ್ಯ ನಿಯಮ ಹೀಗಿದೆ: ನೀರಿನಂಥ ತಿಳಿ ದ್ರವ ಅರಿವಳಿಕೆಗೆ 2 ಗಂಟೆ ಮುಂಚಿನ ತನಕ, ಎದೆಹಾಲು 4 ಗಂಟೆ, ಹಸುವಿನ ಹಾಲು ಮತ್ತು ಹಗುರ ತಿಂಡಿ 6 ಗಂಟೆ, ಎಣ್ಣೆ ತುಪ್ಪದ ಊಟವಾದರೆ 8 ಗಂಟೆ. ನಿಮ್ಮ ಆಸ್ಪತ್ರೆ ಇದಕ್ಕಿಂತ ಬಿಗಿಯಾಗಿ ಹೇಳಿದರೆ ಅದೇ ಸರಿ. ಮಜ್ಜಿಗೆ ಎಷ್ಟೇ ತೆಳ್ಳಗಿದ್ದರೂ ತಿಳಿ ದ್ರವ ಅಲ್ಲ. "ಪಾಪ, ಒಂದು ಗುಟುಕು ಹಾಲು" ಅಂತ ಬೆಳಗಿನ ಜಾವ ಯಾರಾದರೂ ಕೊಟ್ಟರೆ ಆಪರೇಷನ್ನೇ ಮುಂದಕ್ಕೆ ಹೋಗುತ್ತದೆ. ಮರಗಟ್ಟಿಸಿದಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಬಹುದು ಅನ್ನುವುದು ಕಾರಣ. ಮನೆಯಲ್ಲಿರುವ ಹಿರಿಯರಿಗೆ ಬರೀ ನಿಯಮ ಹೇಳದೆ ಈ ಕಾರಣವನ್ನೂ ಬಿಡಿಸಿ ಹೇಳಿ, ಆಗ ಅವರೇ ಅಡುಗೆಮನೆಗೆ ಕಾವಲು ನಿಲ್ಲುತ್ತಾರೆ.

ಕಾರಿನ ಸೀಟು ಮೊದಲೇ ನೋಡಿಕೊಳ್ಳಬೇಕು. ಕಾಲು ಅಗಲಿಸಿ ಪ್ಲಾಸ್ಟರ್ ಹಾಕಿದ ಮಗು ಮಾಮೂಲಿ ಸೀಟಿನಲ್ಲಿ ಕೂರುವುದಿಲ್ಲ. ವರ್ಜೀನಿಯಾದಲ್ಲಿ ಎಂಟನೆಯ ಹುಟ್ಟುಹಬ್ಬದ ತನಕ ಮಕ್ಕಳ ಸೀಟು ಕಡ್ಡಾಯ. ಪ್ಲಾಸ್ಟರ್ ಹಾಕಿದ ಮಕ್ಕಳಿಗೆಂದೇ ಬದಿ ತಗ್ಗಿಸಿದ ಸೀಟುಗಳೂ, ಮಲಗಿಸಿ ಕಟ್ಟುವ ಪಟ್ಟಿಗಳೂ ಇವೆ. ಬಹಳ ಆಸ್ಪತ್ರೆಗಳು ಎರವಲು ಕೊಡುತ್ತವೆ, ಆದರೆ ಸಂಖ್ಯೆ ಕಡಿಮೆ. ಆಪರೇಷನ್ ದಿನಾಂಕ ಗೊತ್ತಾದ ದಿನವೇ ಹೆಸರು ಬರೆಸಿ.

ರಜೆಯ ವಿಷಯ. 1993ರ ಫ್ಯಾಮಿಲಿ ಅಂಡ್ ಮೆಡಿಕಲ್ ಲೀವ್ ಕಾಯಿದೆ ಪ್ರಕಾರ 12 ವಾರ ಸಂಬಳವಿಲ್ಲದ ರಜೆ ಸಿಗುತ್ತದೆ, ಕೆಲಸಕ್ಕೆ ರಕ್ಷಣೆ ಇರುತ್ತದೆ. 50 ಜನಕ್ಕಿಂತ ಕಡಿಮೆ ಇರುವ ಖಾಸಗಿ ಕಂಪನಿಗೆ ಇದು ಅನ್ವಯಿಸುವುದಿಲ್ಲ, ನೀವು ಅಲ್ಲಿ ಒಂದು ವರ್ಷವಾದರೂ ಇದ್ದು 1,250 ಗಂಟೆ ಕೆಲಸ ಮಾಡಿರಬೇಕು. ಎಚ್-1ಬಿ ಮೇಲಿದ್ದರೂ ಹಕ್ಕು ಅದೇ. ಎಲ್ಲ ಒಟ್ಟಿಗೆ ತೆಗೆದುಕೊಳ್ಳಬೇಕಾಗಿಲ್ಲ, ಡಾಕ್ಟರ್ ಬರೆದುಕೊಟ್ಟರೆ ಬಿಡಿಬಿಡಿಯಾಗಿಯೂ ತೆಗೆದುಕೊಳ್ಳಬಹುದು. ನಾವು ಮೊದಲ ಎರಡು ವಾರ ಇಬ್ಬರೂ, ಆಮೇಲೆ ದಿನ ಬಿಟ್ಟು ದಿನ ಒಬ್ಬೊಬ್ಬರು ಅಂತ ಹಂಚಿಕೊಂಡೆವು. ಡಿಸಿ ಒಳಗೆ ಕೆಲಸ ಮಾಡುವವರಿಗೆ 2020ರ ಜುಲೈನಿಂದ ಸಂಬಳ ಸಹಿತ ಕುಟುಂಬ ರಜೆಯ ಯೋಜನೆ ಬೇರೆ ಇದೆ. ಅಜ್ಜಿ ತಾತನ ವೀಸಾ ನಂಬಿಕೊಂಡು ಲೆಕ್ಕ ಹಾಕಬೇಡಿ. ಬಂದರೆ ಹಬ್ಬ, ಬರದಿದ್ದರೂ ನಡೆಯುವ ಹಾಗಿರಬೇಕು.

ಭಾಷೆಯೂ ಔಷಧವೇ

ಈ ಭಾಗವನ್ನು ಕನ್ನಡದ ಮನೆಯವರಿಗಾಗಿಯೇ ಬರೆಯುತ್ತಿದ್ದೇನೆ, ಇಂಗ್ಲಿಷಿನ ಯಾವ ಕರಪತ್ರದಲ್ಲೂ ಸಿಗುವುದಿಲ್ಲ. ಪುಟ್ಟಿ ಡೇಕೇರ್‌ನಲ್ಲಿ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದಳು. ಅರಿವಳಿಕೆಯಿಂದ ಎದ್ದಾಗ ಮಾತ್ರ ಒಂದು ಪದ ಇಂಗ್ಲಿಷೂ ಬರಲಿಲ್ಲ, ಪೂರ್ತಿ ಕನ್ನಡ. ನರ್ಸ್ ಏನು ಕೇಳಿದರೂ ಮುಖ ತಿರುಗಿಸಿದಳು. ಅದೃಷ್ಟಕ್ಕೆ ನನ್ನ ಹೆಂಡತಿ ಮೊದಲೇ ಒಂದು ಹಾಳೆಯಲ್ಲಿ ನೀರು, ನೋವು, ಉಚ್ಚೆ, ಹಸಿವು, ಭಯ, ಸಾಕು, ಎತ್ಕೋ ಅನ್ನುವ ಏಳು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಎದುರಿಗೆ ಅರ್ಥ ಬರೆದು ಮಂಚಕ್ಕೆ ಅಂಟಿಸಿದ್ದಳು. ರಾತ್ರಿ ಪಾಳಿಯ ನರ್ಸ್ "ನೋವು? ನೀರು?" ಅಂತ ಕೇಳಿದಾಗ ಪುಟ್ಟಿ ಮೊದಲ ಸಲ ಅವರ ಮುಖ ನೋಡಿ ಉತ್ತರ ಕೊಟ್ಟಳು.

ಇನ್ನೂ ಮುಖ್ಯವಾದದ್ದು, ನೋವಿನ ಬಗೆಗಳನ್ನು ಹೇಳುವ ನಮ್ಮ ಪದಗಳು. ನೋವು ಬೇರೆ, ಉರಿ ಬೇರೆ, ಕೆರೆತ ಬೇರೆ, ಜೋಮು ಬೇರೆ. ಡಾಕ್ಟರಿಗೆ ಇವೆಲ್ಲ ಬೇರೆ ಬೇರೆ ಸೂಚನೆ. ಉರಿ ಅಂದರೆ ಪ್ಲಾಸ್ಟರಿನ ಕೆಳಗೆ ಒಂದೇ ಜಾಗದಲ್ಲಿ ಒತ್ತಿ ಚರ್ಮ ಹುಣ್ಣಾಗುತ್ತಿರಬಹುದು. ಜೋಮು ಅಂದರೆ ನರಕ್ಕೋ ರಕ್ತ ಸಂಚಾರಕ್ಕೋ ಅಡ್ಡಿಯಾಗಿರಬಹುದು. ಆಪರೇಷನ್‌ಗೆ ಮೊದಲೇ ಆಟದಲ್ಲಿ ಈ ಪದಗಳನ್ನು ಕಲಿಸಿ: ಕಾಲು ಮಡಿಚಿ ಕೂತು ಜೋಮು ಹಿಡಿದಾಗ "ಇದು ಜೋಮು, ಇರುವೆ ಓಡಿದ ಹಾಗೆ" ಅಂತ ಹೇಳಿಕೊಡಿ. ಮನೆಗೆ ಬಂದ ಮೂರನೆಯ ದಿನ ಪುಟ್ಟಿ "ಒಳಗೆ ಇರುವೆ ಇದೆ" ಅಂದಳು. ನೋಡಿದರೆ ಬೆರಳು ಸ್ವಲ್ಪ ಊದಿತ್ತು. ಆಸ್ಪತ್ರೆಯ ನರ್ಸ್ ಲೈನಿಗೆ ಫೋನ್ ಮಾಡಿ, ಅವರು ಹೇಳಿದಂತೆ ದಿಂಬು ಕೊಟ್ಟು ಕಾಲನ್ನು ಎದೆಗಿಂತ ಎತ್ತರಕ್ಕೆ ಇಟ್ಟೆವು. ಅರ್ಧ ಗಂಟೆಯಲ್ಲಿ ಇರುವೆ ಹೋಯಿತು. ಹೋಗದಿದ್ದರೆ ತಕ್ಷಣ ಎಮರ್ಜೆನ್ಸಿಗೆ ಬನ್ನಿ ಅಂದಿದ್ದರು.

ಊರಿಂದ ಬಂದ ಅಜ್ಜಿ ತಾತ ಮಗುವಿನ ಜೊತೆ ಆಸ್ಪತ್ರೆಯಲ್ಲಿದ್ದರೆ ಅವರಿಗೆ ದುಭಾಷಿ ಕೇಳುವ ಹಕ್ಕಿದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಸಾಮಾನ್ಯವಾಗಿ ಫೋನಿನಲ್ಲೋ ವಿಡಿಯೋದಲ್ಲೋ ಬರುತ್ತಾರೆ. ಕನ್ನಡ ಅಂತ ಸ್ಪಷ್ಟವಾಗಿ ಹೇಳಿ, ಇಲ್ಲದಿದ್ದರೆ ಹಿಂದಿಯವರನ್ನು ಕರೆದು ಕೂರಿಸುತ್ತಾರೆ!

ನೋವಿನ ಲೆಕ್ಕ

ಮೊದಲ ಮೂರು ರಾತ್ರಿ ಕಷ್ಟ. ಕೊಯ್ದ ನೋವಿಗಿಂತ ಸ್ನಾಯು ಇದ್ದಕ್ಕಿದ್ದಂತೆ ಹಿಡಿದುಕೊಳ್ಳುವುದೇ ಹೆಚ್ಚು. ನಿದ್ದೆ ಹತ್ತಿದ ತಕ್ಷಣ ಬೆಚ್ಚಿ ಎದ್ದು ಚೀರುತ್ತವೆ. ಅದಕ್ಕೆ ಬೇರೆ ಔಷಧ ಕೊಟ್ಟಿರುತ್ತಾರೆ, ಯಾವುದು ಯಾವುದಕ್ಕೆ ಅಂತ ಮನೆಗೆ ಹೊರಡುವ ಮೊದಲೇ ಕೇಳಿ ಬರೆದುಕೊಳ್ಳಿ.

ಪುಟ್ಟ ಮಕ್ಕಳ ನೋವು ಅಳೆಯಲು ಫ್ಲಾಕ್ ಅನ್ನುವ ಒಂದು ಪಟ್ಟಿ ಇದೆ, 1997ರಿಂದ ಬಳಕೆಯಲ್ಲಿದೆ. ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನ ಹೀಗೆ ಐದಕ್ಕೂ 0 ರಿಂದ 2 ಅಂಕ, ಒಟ್ಟು 10. ನನ್ನಂಥ ಎಂಜಿನಿಯರಿಗೆ ಇದು ಬಹಳ ಹಿಡಿಸಿತು. ಅಳು ಒಂದನ್ನೇ ನೋಡಿದರೆ ಹಠವೋ ನೋವೋ ತಿಳಿಯುವುದಿಲ್ಲ. ಎತ್ತಿಕೊಂಡು ಮಾತಾಡಿಸಿದರೆ ಸಮಾಧಾನ ಆಗುತ್ತದೆಯೇ ಅನ್ನುವುದನ್ನು ನೋಡಿದರೆ ತಿಳಿಯುತ್ತದೆ.

ಔಷಧದ ಪ್ರಮಾಣದಲ್ಲಿ ದಯವಿಟ್ಟು ಎಚ್ಚರ. ಇಲ್ಲಿಯ ಅಸಿಟಮಿನೊಫೆನ್, ಅಂದರೆ ಟೈಲೆನಾಲ್, ನಮ್ಮ ಊರಿನ ಪ್ಯಾರಸಿಟಮಾಲ್ ಎರಡೂ ಒಂದೇ. ಆದರೆ ಇಲ್ಲಿಯ ಮಕ್ಕಳ ಸಿರಪ್ಪಿನಲ್ಲಿ 5 ಮಿ.ಲೀ.ಗೆ 160 ಮಿ.ಗ್ರಾಂ. ಊರಿನಿಂದ ತಂದ ಬಾಟಲಿಯಲ್ಲಿ 120, 125 ಅಥವಾ 250 ಇರಬಹುದು, ಡ್ರಾಪ್ಸ್ ಆದರೆ ಇನ್ನೂ ಗಾಢ. ಚಮಚದ ಲೆಕ್ಕ ಬಿಟ್ಟು ಮಿಲಿಗ್ರಾಂ ಲೆಕ್ಕ ಹಿಡಿಯಿರಿ. ಸಾಮಾನ್ಯವಾಗಿ ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿ.ಗ್ರಾಂ, 4ರಿಂದ 6 ಗಂಟೆಗೊಮ್ಮೆ, 24 ಗಂಟೆಯಲ್ಲಿ ಐದು ಸಲಕ್ಕಿಂತ ಹೆಚ್ಚಿಲ್ಲ. ಡಾಕ್ಟರ್ ಬರೆದುಕೊಟ್ಟ ಜೋರಾದ ನೋವಿನ ಔಷಧದಲ್ಲೂ ಅಸಿಟಮಿನೊಫೆನ್ ಬೆರೆತಿರಬಹುದು. ಹಾಗಿದ್ದಾಗ ಮೇಲೆ ಟೈಲೆನಾಲ್ ಬೇರೆ ಕೊಟ್ಟರೆ ಯಕೃತ್ತಿಗೆ ಅಪಾಯ. ಕೊಡೀನ್ ಮತ್ತು ಟ್ರಮಡಾಲ್ 12 ವರ್ಷದೊಳಗಿನವರಿಗೆ ಕೊಡಬಾರದು ಅಂತ ಅಮೆರಿಕದ ಎಫ್‌ಡಿಎ 2017ರಲ್ಲಿ ಹೇಳಿದೆ. ಊರಿನ ಔಷಧದ ಡಬ್ಬಿಯಲ್ಲಿ ಅಂಥವು ಇದ್ದರೆ ದೂರ ಇಡಿ. ಐಬುಪ್ರೊಫೆನ್ ಮೂಳೆ ಕೂಡುವುದಕ್ಕೆ ಅಡ್ಡಿ ಅಂತ ಕೆಲವು ಸರ್ಜನ್‌ಗಳು ಬೇಡ ಅನ್ನುತ್ತಾರೆ, ಕೆಲವರು ಧಾರಾಳವಾಗಿ ಕೊಡುತ್ತಾರೆ. ನಿಮ್ಮವರನ್ನೇ ಕೇಳಿ.

ನಾವು ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿ ಸಮಯ, ಔಷಧ, ಮಿಲಿಗ್ರಾಂ, ಕೊಟ್ಟವರ ಹೆಸರು ಬರೆಯುತ್ತಿದ್ದೆವು. ಬೆಳಗಿನ ಮೂರು ಗಂಟೆಗೆ ಎದ್ದ ಇಬ್ಬರೂ "ನೀನು ಕೊಟ್ಟೆಯಾ?" ಅಂತ ಒಬ್ಬರನ್ನೊಬ್ಬರು ನೋಡುವ ಪರಿಸ್ಥಿತಿ ಇದರಿಂದ ತಪ್ಪಿತು. ಹೆಚ್ಚು ಕಡಿಮೆ ಆದರೆ ಪಾಯ್ಸನ್ ಕಂಟ್ರೋಲ್ 1-800-222-1222, ಅಮೆರಿಕದಲ್ಲಿ ಎಲ್ಲಿಂದಲಾದರೂ, ಯಾವ ಹೊತ್ತಿಗಾದರೂ.

ಪ್ಲಾಸ್ಟರ್ ಸಂಸಾರ

ನಿಜವಾದ ಯುದ್ಧ ಉಚ್ಚೆಯ ಜೊತೆ. ಪ್ಲಾಸ್ಟರ್ ಒದ್ದೆಯಾದರೆ ಒಳಗಿನ ಹತ್ತಿ ಒಣಗುವುದಿಲ್ಲ, ಚರ್ಮ ಕೊಳೆಯುತ್ತದೆ. ಮಧ್ಯದಲ್ಲಿ ಬಿಟ್ಟ ಜಾಗದ ಅಂಚಿನ ಒಳಕ್ಕೆ ಒಂದು ಚಿಕ್ಕ ಸೈಜಿನ ಡಯಪರ್ ಸಿಕ್ಕಿಸಿ, ಅದರ ಹೊರಗೆ ದೊಡ್ಡ ಸೈಜಿನದು ಕಟ್ಟಬೇಕು. ಹಗಲು ಎರಡು ಗಂಟೆಗೊಮ್ಮೆ, ರಾತ್ರಿ ಮೂರು ನಾಲ್ಕು ಗಂಟೆಗೊಮ್ಮೆ ಬದಲಾಯಿಸಬೇಕು. ಮಲಗಿಸುವಾಗ ತಲೆಯ ಕಡೆ ಸ್ವಲ್ಪ ಎತ್ತರ ಇದ್ದರೆ ಉಚ್ಚೆ ಬೆನ್ನಿನ ಕಡೆಗೆ ಹರಿಯದೆ ಕೆಳಕ್ಕೆ ಇಳಿಯುತ್ತದೆ. ಪಾಟಿ ಕಲಿತಿದ್ದ ಮಗು ಮತ್ತೆ ಡಯಪರಿಗೆ ಬಂದರೆ ನಾಚಿಕೆಪಡುತ್ತದೆ. "ಇದು ನಿನ್ನ ಡಯಪರ್ ಅಲ್ಲ, ಪ್ಲಾಸ್ಟರಿನ ಡಯಪರ್" ಅಂತ ಹೇಳಿದ್ದು ನಮ್ಮಲ್ಲಿ ಕೆಲಸ ಮಾಡಿತು.

ಪ್ಲಾಸ್ಟರಿನ ಅಂಚು ಗರಗಸದ ಹಾಗೆ. ಅಂಟುವ ಮೆತ್ತನೆಯ ಬಟ್ಟೆಯನ್ನು ಹೂವಿನ ಎಸಳಿನ ಹಾಗೆ ಕತ್ತರಿಸಿ ಸುತ್ತ ಅಂಟಿಸಬೇಕು, ನರ್ಸ್ ತೋರಿಸಿಕೊಡುತ್ತಾರೆ. ದಿನಾ ಟಾರ್ಚ್ ಹಾಕಿ ಒಳಗೆ ಕಾಣುವಷ್ಟು ಚರ್ಮ ನೋಡಿ, ಮೂಸಿಯೂ ನೋಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಕಾಲುಗಳ ನಡುವೆ ಒಂದು ಅಡ್ಡಕೋಲು ಕೂರಿಸಿರುತ್ತಾರೆ, ಅದು ಹಿಡಿ ಅಲ್ಲ. ಅದನ್ನು ಹಿಡಿದು ಎತ್ತಬಾರದು. ಕೆರೆತಕ್ಕೆ ಕಡ್ಡಿ, ಪೆನ್ಸಿಲ್ ಹಾಕಬೇಡಿ, ಪೌಡರ್ ಸುರಿಯಬೇಡಿ. ಹೇರ್ ಡ್ರೈಯರ್ ತಣ್ಣನೆಯ ಗಾಳಿಯಲ್ಲಿ ಇಟ್ಟು ಅಂಚಿನಿಂದ ಊದಿದರೆ ಸಾಕು, ಬಿಸಿ ಖಂಡಿತ ಬೇಡ.

ಊಟದ ವಿಷಯದಲ್ಲಿ ನಮ್ಮ ಅಡುಗೆಗೆ ಒಂದು ವಿಶೇಷ ತೊಂದರೆ ಇದೆ. ಚಿತ್ರಾನ್ನದ ಕಡಲೆಕಾಯಿ, ಒಗ್ಗರಣೆಯ ಸಾಸಿವೆ, ಅವಲಕ್ಕಿ ಎಲ್ಲ ಮಲಗಿಕೊಂಡು ತಿನ್ನುವಾಗ ಪ್ಲಾಸ್ಟರಿನೊಳಕ್ಕೆ ಉದುರುತ್ತವೆ. ಒಂದು ಸಾಸಿವೆ ಕಾಳು ಆರು ವಾರ ಬೆನ್ನಿನ ಕೆಳಗಿದ್ದರೆ ಹುಣ್ಣಾಗುತ್ತದೆ. ಕತ್ತಿನ ಸುತ್ತ ಟವೆಲ್ ಸಿಕ್ಕಿಸಿ, ಒಗ್ಗರಣೆಯಿಲ್ಲದೆ ಮೆತ್ತಗೆ ಕಲಸಿ ಕೊಡಿ. ಒಂದೇ ಸಲ ಹೊಟ್ಟೆ ತುಂಬಾ ಕೊಟ್ಟರೆ ಪ್ಲಾಸ್ಟರ್ ಬಿಗಿದು ವಾಂತಿಯಾಗುತ್ತದೆ, ಸ್ವಲ್ಪ ಸ್ವಲ್ಪ ಐದಾರು ಸಲ ಒಳ್ಳೆಯದು. ಮಲಗಿದ್ದಕ್ಕೂ ನೋವಿನ ಔಷಧಕ್ಕೂ ಮಲ ಕಟ್ಟುತ್ತದೆ. ನೀರು, ಹಣ್ಣು, ಸೊಪ್ಪು, ನೆನೆಸಿದ ಒಣದ್ರಾಕ್ಷಿಯ ರಸ, ಸಾಲದಿದ್ದರೆ ಡಾಕ್ಟರ್ ಕೊಡುವ ಪುಡಿ.

ಮೂಳೆಗೆ ಏನು ಕೊಡಬೇಕು ಅಂತ ಎಲ್ಲರೂ ಕೇಳುತ್ತಾರೆ. 1ರಿಂದ 3 ವರ್ಷದವರಿಗೆ ದಿನಕ್ಕೆ 700 ಮಿ.ಗ್ರಾಂ, 4ರಿಂದ 8 ವರ್ಷದವರಿಗೆ 1,000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇದೆ. ರಾಗಿ ಗಂಜಿಗೆ ಹಾಲು ಬೆರೆಸಿ ಕೊಟ್ಟರೆ ಬೇರೆ ಟಾನಿಕ್ ಹುಡುಕಬೇಕಾಗಿಲ್ಲ. ನಮ್ಮ ಮೈಬಣ್ಣಕ್ಕೆ ವರ್ಜೀನಿಯಾದ ಚಳಿಗಾಲದ ಬಿಸಿಲು ಸಾಲದು, ದಿನಕ್ಕೆ 600 ಯೂನಿಟ್ ವಿಟಮಿನ್ ಡಿ ಸಿಗುತ್ತಿದೆಯೇ ಅಂತ ಮಕ್ಕಳ ಡಾಕ್ಟರನ್ನು ಕೇಳಿ. ಹೆಚ್ಚು ಕೊಟ್ಟರೆ ಬೇಗ ಕೂಡುತ್ತದೆ ಅನ್ನುವುದು ಸುಳ್ಳು.

ಪುತ್ತೂರು ಕಟ್ಟಿನ ಸಲಹೆಯೂ ಬರುತ್ತದೆ, ನಮಗೆ ಬೆಂಗಳೂರಿನಿಂದ ಇಬ್ಬರು ಫೋನ್ ಮಾಡಿದರು. ಆಂಧ್ರದ ಆ ಪುತ್ತೂರಿನ ಮೇಲೆ ನಮ್ಮ ಹಿರಿಯರಿಗಿರುವ ನಂಬಿಕೆ ದೊಡ್ಡದು, ವಾದ ಮಾಡಲು ಹೋಗಬೇಡಿ. ಒಳಗೆ ಪಿನ್ ಹಾಕಿದ ಕೀಲಿಗೆ ಎಣ್ಣೆ ನೀವುವುದು, ಮೇಲೆ ಕಟ್ಟುವುದು ಸರ್ಜನ್ ಹೇಳುವ ತನಕ ಬೇಡ ಅಂತ ಮಾತ್ರ ಹೇಳಿ, ಗಟ್ಟಿಯಾಗಿ ಹೇಳಿ.

ಯಾವಾಗ ಓಡಬೇಕು

ದಿನಕ್ಕೆ ಹಲವು ಸಲ ಕಾಲಿನ ಬೆರಳು ನೋಡಿ. ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಬಣ್ಣ ವಾಪಸ್ ಬರಬೇಕು. ನಮ್ಮ ಮಕ್ಕಳ ಚರ್ಮದಲ್ಲಿ ಬಣ್ಣ ತಿಳಿಯುವುದು ಕಷ್ಟ, ಆದ್ದರಿಂದ ಉಗುರಿನಲ್ಲೇ ನೋಡಿ, ಇನ್ನೊಂದು ಕಾಲಿಗೆ ಹೋಲಿಸಿ. ಬೆರಳು ತಣ್ಣಗಾಗಿ ನೀಲಿಯಾದರೆ, ಎತ್ತರದಲ್ಲಿಟ್ಟರೂ ಊತ ಇಳಿಯದಿದ್ದರೆ, ಅಲ್ಲಾಡಿಸಲು ಆಗದಿದ್ದರೆ ಕಾಯಬಾರದು. ನಿನ್ನೆಗಿಂತ ಇವತ್ತು ಹೆಚ್ಚು ಔಷಧ ಬೇಕಾಗುತ್ತಿದೆ, ಮಗು ಸಮಾಧಾನವೇ ಆಗದೆ ಒದ್ದಾಡುತ್ತಿದೆ ಅಂದರೆ ಅದೇ ದೊಡ್ಡ ಸೂಚನೆ. ಸ್ನಾಯುವಿನೊಳಗೆ ಒತ್ತಡ ಏರುತ್ತಿರಬಹುದು, ಅದು ಗಂಟೆಗಳ ಲೆಕ್ಕದ ವಿಷಯ. ಜ್ವರ, ಪ್ಲಾಸ್ಟರಿನಿಂದ ಕೆಟ್ಟ ವಾಸನೆ, ಹೊಟ್ಟೆ ಉಬ್ಬರಿಸಿ ನಿಲ್ಲದ ವಾಂತಿ, ಇವಕ್ಕೂ ಫೋನ್ ಮಾಡಿ. ರಾತ್ರಿ ಎರಡು ಗಂಟೆ ಅಂತ ಸಂಕೋಚ ಬೇಡ. ನಮ್ಮವರಿಗೆ ಡಾಕ್ಟರಿಗೆ ತೊಂದರೆ ಕೊಡಬಾರದು ಅನ್ನುವ ಮರ್ಯಾದೆ ಸ್ವಲ್ಪ ಜಾಸ್ತಿ.

ಮನಸ್ಸು

ಎರಡನೆಯ ವಾರದಿಂದ ನೋವು ಇಳಿಯುತ್ತದೆ, ಸಿಟ್ಟು ಏರುತ್ತದೆ. ಪುಟ್ಟಿ ನನ್ನ ಮೇಲೆ ಹತ್ತು ದಿನ ಮುನಿಸಿಕೊಂಡಿದ್ದಳು, ಮಾಸ್ಕ್ ಹಾಕುವಾಗ ಕೈ ಹಿಡಿದುಕೊಂಡವನು ನಾನು ತಾನೆ. ಅಪ್ಪ ಹತ್ತಿರ ಬಂದರೆ ಅಮ್ಮ ಬೇಕು ಅಂತ ಅಳು. ಅದನ್ನು ಸರಿಮಾಡಲು ನಾನು ಏನೂ ಮಾಡಲಿಲ್ಲ. ದಿನಾ ಸಂಜೆ ಅವಳ ಪಕ್ಕ ನೆಲದ ಮೇಲೆ ಮಲಗಿ ಪುಸ್ತಕ ಓದುತ್ತಿದ್ದೆ, ಕೇಳಿದರೆ ಕೇಳಲಿ ಅಂತ. ಹನ್ನೊಂದನೆಯ ದಿನ "ಜೋರಾಗಿ ಓದು" ಅಂದಳು.

ದಿನಕ್ಕೊಂದು ವೇಳಾಪಟ್ಟಿ ಇರಲಿ. ಬೆಳಿಗ್ಗೆ 8 ಗಂಟೆ ನಮ್ಮಲ್ಲಿ ಅಜ್ಜಿಯ ಹೊತ್ತು. ಬೇಸಿಗೆಯ ಗಡಿಯಾರದಲ್ಲಿ ಮೈಸೂರಿನಲ್ಲಿ ಆಗ ಸಂಜೆ ಐದೂವರೆ, ಕಾಫಿ ಕುಡಿದು ಕೂತಿರುತ್ತಾರೆ. ಅರ್ಧ ಗಂಟೆ ಕಥೆ. ನವೆಂಬರಿನಲ್ಲಿ ಗಡಿಯಾರ ಹಿಂದಕ್ಕೆ ಹೋದಾಗ ಅಜ್ಜಿಯ ಹೊತ್ತು ಆರೂವರೆಗೆ ಬಂತು, ದೇವರ ದೀಪ ಹಚ್ಚುವುದನ್ನೂ ನೋಡಿದಳು. ಎಲ್ಲರ ಮನೆಯಲ್ಲೂ ಒಬ್ಬ ಅಜ್ಜಿಗೆ ಮಾಡಲು ಏನಾದರೂ ಬೇಕಾಗಿರುತ್ತದೆ. ಐದು ದಾಟಿದ ಮಕ್ಕಳಿಗೆ ಚೌಕಾಬಾರ, ಅಳಗುಳಿ ಮಣೆ ಚೆನ್ನ, ಆದರೆ ಕವಡೆ, ಹುಣಸೆಬೀಜ ಪ್ಲಾಸ್ಟರಿನೊಳಗೆ ಬೀಳದ ಹಾಗೆ ತಟ್ಟೆಯಲ್ಲಿ ಇಟ್ಟು ಆಡಿಸಿ. ಬೀನ್ ಬ್ಯಾಗಿನ ಮೇಲೆ ಒರಗಿಸಿದರೆ ಹೊಟ್ಟೆಯ ಮೇಲೆ ಮಲಗಿ ಚಿತ್ರ ಬರೆಯಬಹುದು. ಮಕ್ಕಳ ಕೆಂಪು ವ್ಯಾಗನ್ನಿನಲ್ಲಿ ದಿಂಬು ಹಾಕಿ ಬೀದಿ ಸುತ್ತಿಸಬಹುದು. ಶ್ಯಾಂಟಿಲಿಯ ನಮ್ಮ ಬಡಾವಣೆಯ ನಾಯಿಗಳೆಲ್ಲ ಪುಟ್ಟಿಗೆ ಪರಿಚಯವಾದದ್ದು ಹೀಗೆ.

ನೋಡಲು ಬರುವವರಿಗೆ ಒಂದು ವಿನಂತಿ. ಮಗುವಿನ ಎದುರು "ಅಯ್ಯೋ ಪಾಪ" ಬೇಡ. ನೆಗಡಿ ಇದ್ದರೆ ಬರಬೇಡಿ, ಪ್ಲಾಸ್ಟರಿನಲ್ಲಿ ಕೆಮ್ಮುವುದು ಬಹಳ ಕಷ್ಟ. ಆಟಿಕೆಗಿಂತ ಒಂದು ಡಬ್ಬಿ ಹುಳಿ ಹೆಚ್ಚು ಉಪಕಾರ. ಎಲ್ಲಕ್ಕಿಂತ ದೊಡ್ಡ ಉಪಕಾರ ಮಾಡಿದವರು ಶನಿವಾರ ಎರಡು ಗಂಟೆ ಪುಟ್ಟಿಯ ಜೊತೆ ಕೂತು ನಮ್ಮಿಬ್ಬರನ್ನು ಮಲಗಲು ಕಳಿಸಿದವರು.

ಪ್ಲಾಸ್ಟರ್ ಬಿಚ್ಚಿದ ಮೇಲೆ

ಬಿಚ್ಚುವ ಗರಗಸದ ಶಬ್ದ ಭಯಂಕರ. ಆದರೆ ಅದರ ಹಲ್ಲು ತಿರುಗುವುದಿಲ್ಲ, ಅದುರುತ್ತದೆ ಅಷ್ಟೇ. ಕಿವಿಗೆ ಹಾಕುವ ಮಫ್ ತೆಗೆದುಕೊಂಡು ಹೋಗಿ. ಒಳಗಿಂದ ಬರುವ ಕಾಲನ್ನು ನೋಡಿ ಗಾಬರಿಯಾಗಬೇಡಿ: ತೆಳ್ಳಗೆ, ಒಣಗಿ ಸಿಪ್ಪೆ ಎದ್ದು, ಕೂದಲು ಬೆಳೆದು, ಮಡಿಚಲು ಬಾರದೆ ಇರುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಉಜ್ಜಬೇಡಿ. ಪ್ಲಾಸ್ಟರ್ ಬೇಕು ಅಂತ ಪುಟ್ಟಿ ಅತ್ತಳು! ಆರು ವಾರ ಅದು ಅವಳ ಚಿಪ್ಪಾಗಿತ್ತು. ಕೆಲವು ದಿನ ಅದೇ ಭಂಗಿಯಲ್ಲೇ ಮಲಗುತ್ತವೆ.

ಈ ಹೊತ್ತಿನಲ್ಲಿ ಮೂಳೆ ಕೆಲಸವಿಲ್ಲದೆ ದುರ್ಬಲವಾಗಿರುತ್ತದೆ, ಬಿದ್ದರೆ ಮತ್ತೆ ಮುರಿಯುವ ಅಪಾಯ ಮೊದಲ ಕೆಲವು ವಾರಗಳಲ್ಲೇ ಹೆಚ್ಚು. ಕೈ ಹಿಡಿದು ನಡೆಸುವ ಆತುರ ಬೇಡ. ನೀರಿನಲ್ಲಿ ಆಡಿಸುವುದು, ಹೊಟ್ಟೆಯ ಮೇಲೆ ತೆವಳಿಸುವುದು, ಸೋಫಾ ಹಿಡಿದು ನಿಲ್ಲಿಸುವುದು, ಈ ಕ್ರಮದಲ್ಲಿ ಮಗು ತಾನೇ ಮುಂದುವರಿಯುತ್ತದೆ. ಮೂರು ವರ್ಷದೊಳಗಿದ್ದರೆ ವರ್ಜೀನಿಯಾದ ಇನ್‌ಫಂಟ್ ಅಂಡ್ ಟಾಡ್ಲರ್ ಕನೆಕ್ಷನ್‌ನವರನ್ನು ಕೇಳಿ, ಅರ್ಹತೆ ಇದ್ದರೆ ಥೆರಪಿ ಮನೆಗೇ ಬರಬಹುದು. ಮೂರು ದಾಟಿದ ಮೇಲೆ ಅದು ಫೇರ್‌ಫ್ಯಾಕ್ಸ್ ಕೌಂಟಿ ಶಾಲೆಗಳ ಕೆಲಸ. ಶಾಲೆಗೆ ಹೋಗುವ ಮಕ್ಕಳಾದರೆ 1973ರ ರಿಹ್ಯಾಬಿಲಿಟೇಷನ್ ಕಾಯಿದೆಯ ಸೆಕ್ಷನ್ 504 ಅಂತ ಕೇಳಿ. ಲಿಫ್ಟ್, ಬಸ್ಸು, ಮೈದಾನ ಎಲ್ಲ ಅದರಲ್ಲಿ ಬರುತ್ತವೆ. ಅಟ್ಲಾಂಟಾ, ಷಾರ್ಲೆಟ್ ಕಡೆಯ ಬಂಧುಗಳಿಗೂ ಈ ಕಾಯಿದೆ ಇದೇ. ಇನ್ಶೂರೆನ್ಸ್ ತಕರಾರು ಇರುವವರು ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿರುವ ಶ್ರೈನರ್ಸ್ ಮಕ್ಕಳ ಆಸ್ಪತ್ರೆಯನ್ನೂ ವಿಚಾರಿಸಿ, ದುಡ್ಡು ಕೊಡಲಾಗದವರಿಗೂ ಅಲ್ಲಿ ಚಿಕಿತ್ಸೆ ಇದೆ.

"ಇನ್ನೂ ಸರಿಯಾಗಿ ನಡೀತಿಲ್ವಾ?" ಅಂತ ಮುಂದಿನ ಆರು ತಿಂಗಳು ಎಲ್ಲರೂ ಕೇಳುತ್ತಾರೆ. ಕುಂಟು ಹೋಗಲು ತಿಂಗಳುಗಳೇ ಬೇಕು. ಸೊಂಟದ ಸ್ನಾಯು ಹೊಸ ಜಾಗದಲ್ಲಿ ಕೆಲಸ ಕಲಿಯಬೇಕು. ಪಿನ್ ತೆಗೆಯಲು ಇನ್ನೊಂದು ಚಿಕ್ಕ ಆಪರೇಷನ್ ಇರುತ್ತದೆ, ಬೆಳವಣಿಗೆ ಮುಗಿಯುವ ತನಕ ಆಗಾಗ ಎಕ್ಸ್‌ರೇ ಇರುತ್ತದೆ. ಊರಿಗೆ ವಾಪಸ್ ಹೋಗುವ ಯೋಚನೆ ಇರುವವರು ಎಲ್ಲ ಎಕ್ಸ್‌ರೇಗಳನ್ನೂ ಆಪರೇಷನ್ ನೋಟನ್ನೂ ಸಿಡಿಯಲ್ಲಿ ಕೇಳಿ ಇಟ್ಟುಕೊಳ್ಳಿ, ಹತ್ತು ವರ್ಷದ ಮೇಲೆ ಬೆಂಗಳೂರಿನ ಡಾಕ್ಟರ್ ಮೊದಲು ಕೇಳುವುದು ಅದನ್ನೇ.

ನಮ್ಮ ಗ್ಯಾರೇಜಿನಲ್ಲಿ ದೊಡ್ಡ ಬೀನ್ ಬ್ಯಾಗ್, ಕೆಂಪು ವ್ಯಾಗನ್, ಬಳಸದೆ ಉಳಿದ ಎರಡು ಪ್ಯಾಕೆಟ್ ಚಿಕ್ಕ ಡಯಪರ್, ಅಂಚಿಗೆ ಅಂಟಿಸುವ ಬಟ್ಟೆಯ ಸುರುಳಿ ಇವೆ. ಮುಂದಿನ ತಿಂಗಳು ಆಪರೇಷನ್ ಇರುವ ಮನೆಯವರಿಗೆ ಮೊದಲು, ಆಮೇಲೆ ಬೇಕಾದವರಿಗೆ. ಸಂಘದ ಸಮಿತಿಯವರಿಗೆ ಒಂದು ಸಾಲು ಬರೆದರೆ ಶನಿವಾರ ನಾನೇ ತಂದುಕೊಡುತ್ತೇನೆ.